ಗೋಧಿಯಿಲ್ಲದ ಬಿಸ್ಕತ್ತು: ಯಾರಿಗೆ ಪಥ್ಯ, ಯಾರಿಗೆ ಬರಿಯ ತಿಂಡಿ?

ಮಳೆ ಹಿಡಿದ ಆಷಾಢದ ಸಂಜೆಗಳಲ್ಲಿ ಬಿಸಿ ಕಾಫಿಯೊಡನೆ ಒಂದೆರಡು ಬಿಸ್ಕತ್ತು ಇಲ್ಲದ ಮನೆ ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ವಿರಳ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬೆಂಗಳೂರಿಗೆ ಹೋದವರೇ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿ ಬೆಣ್ಣೆ ಬಿಸ್ಕತ್ತಿನ ರುಚಿಯನ್ನು ನಾಡಿಗೆಲ್ಲ ಹಂಚಿದರೆಂಬುದು ನಮಗೆ ಹೆಮ್ಮೆಯ ಸಂಗತಿಯೂ ಹೌದು. ಆದರೆ ಈಚೆಗೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರು ಬೇರೊಂದು ಬಗೆಯ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಪ್ರಶ್ನಿಸತೊಡಗಿದ್ದಾರೆ. ಅದರ ಮೇಲೆ ‘ಗ್ಲುಟೆನ್ ರಹಿತ, ಹಾಲಿನ ಅಂಶ ರಹಿತ’ ಎಂಬ ಬರಹ. ಬೆಲೆ ಸಾಮಾನ್ಯ ಬಿಸ್ಕತ್ತಿನ ಮೂರು ನಾಲ್ಕು ಪಟ್ಟು. “ಇದನ್ನು ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲವಂತೆ, ಹೊಟ್ಟೆ ಕರಗುತ್ತದಂತೆ, ಹೌದೇ ಡಾಕ್ಟರೇ?” ಎಂದು ಕೇಳುತ್ತಾರೆ.

ಅಲ್ಲ ಎಂಬುದೇ ನಮ್ಮ ಉತ್ತರ. ಆದರೆ ಇದೇ ಬಿಸ್ಕತ್ತು ಕೆಲವರಿಗೆ ಔಷಧಕ್ಕಿಂತ ಮಿಗಿಲಾದ ಪಥ್ಯ. ಈ ಎರಡು ಮಾತುಗಳ ನಡುವಿನ ಅಂತರವನ್ನು ನಾವು ಒಂದು ಮಗುವಿನ ಕಷ್ಟದಿಂದ ಕಲಿಯಬೇಕಾಯಿತು. ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ಹದಿನೈದು ವರ್ಷಗಳ ಹಿಂದಿನ ಮಾತು. ಆಲೂರಿನ ಕಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗಳನ್ನು ಕರೆತಂದರು. ವಯಸ್ಸು ಏಳಾದರೂ ಬೆಳವಣಿಗೆ ನಾಲ್ಕೈದರದು. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬರ, ಮುಖ ಬಿಳಿಚಿತ್ತು, ದಿನಕ್ಕೆ ನಾಲ್ಕು ಬಾರಿ ಭೇದಿ. ನಾವು ನಾಡಿ ನೋಡಿ, ನಾಲಗೆ ನೋಡಿ ಗ್ರಹಣಿ ಎಂದೆವು. ಗ್ರಹಣಿಗೆ ಶಾಸ್ತ್ರ ಹೇಳಿರುವಂತೆ ಮಜ್ಜಿಗೆಯ ಪಥ್ಯ, ದಾಡಿಮಾಷ್ಟಕ ಚೂರ್ಣ, ಚಿತ್ರಕಾದಿ ವಟಿ ಕೊಟ್ಟೆವು. ಕೆಲವು ವಾರ ತುಸು ಇಳಿದಂತೆ ತೋರಿತು, ಮತ್ತೆ ಮರುಕಳಿಸಿತು. ಹೀಗೆ ಒಂಬತ್ತು ತಿಂಗಳು ಕಳೆದವು. ಬೇಗ ಅರಗುವ ಆಹಾರವೆಂದು ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ರವೆಯ ಗಂಜಿ ಕೊಡಲು ಹೇಳಿದವರೂ ನಾವೇ. ಕೊನೆಗೆ ಹಾಸನದ ಮಕ್ಕಳ ತಜ್ಞರೊಬ್ಬರು ಒಂದು ರಕ್ತಪರೀಕ್ಷೆ ಮಾಡಿಸಿ, ಸಣ್ಣ ಕರುಳಿನ ಚೂರನ್ನು ಪರೀಕ್ಷೆಗೆ ಕಳುಹಿಸಿ, ಇದು ಸೀಲಿಯಾಕ್ ರೋಗವೆಂದು ಗುರುತಿಸಿದರು. ಆ ಮಗುವಿನ ಕರುಳಿಗೆ ವೈರಿಯಾದ ವಸ್ತುವನ್ನೇ ನಾವು ಪಥ್ಯವೆಂದು ಉಣಿಸುತ್ತಿದ್ದೆವು.

ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನನ್ನು ಗ್ಲುಟೆನ್ ಎನ್ನುತ್ತಾರೆ. ಚಪಾತಿ ಹಿಟ್ಟನ್ನು ನಾದಿದಾಗ ಅದು ರಬ್ಬರಿನಂತೆ ಎಳೆಯುವುದು ಇದರಿಂದಲೇ. ಸೀಲಿಯಾಕ್ ರೋಗವಿರುವವರಲ್ಲಿ ಈ ಗ್ಲುಟೆನ್ ಕಂಡೊಡನೆ ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಉಂಡ ಅನ್ನ ರಸವಾಗಿ ಮೈಗೆ ಸೇರುವುದೇ ಇಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್ಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿದಿದ್ದಾಗ ಇಂಥ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನು, ಬ್ರೆಡ್ ಮರಳಿದೊಡನೆ ಮತ್ತೆ ಹಾಸಿಗೆ ಹಿಡಿದದ್ದನ್ನು ಮಕ್ಕಳ ವೈದ್ಯ ವಿಲೆಮ್ ಡಿಕೆ ಗಮನಿಸಿದರು. ಗೋಧಿಯೇ ಕಾರಣವೆಂಬ ಅವರ ಪ್ರಬಂಧ 1950ರಲ್ಲಿ ಹೊರಬಂತು.

ಆಯುರ್ವೇದದಲ್ಲಿ ಇದಕ್ಕೆ ಮದ್ದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಚರಕಾಚಾರ್ಯರು ಗೋಧಿಯನ್ನು ಬಲಕರ, ಗುರು, ಸ್ನಿಗ್ಧ ಎಂದಿದ್ದಾರೆ. ಜೊತೆಗೆ ಸಾತ್ಮ್ಯ ಎಂಬ ತತ್ತ್ವವನ್ನೂ ಹೇಳಿದ್ದಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿರಬಹುದು. ರೋಗದ ಕಾರಣವನ್ನು ತ್ಯಜಿಸುವುದೇ ಮೊದಲ ಚಿಕಿತ್ಸೆ ಎಂಬುದು ನಮ್ಮ ಶಾಸ್ತ್ರದ ಮಾತೇ. ಸೀಲಿಯಾಕ್ ರೋಗಕ್ಕೆ ಇಂದು ಯಾವ ಪದ್ಧತಿಯಲ್ಲಿಯೂ ಗೋಧಿಯನ್ನು ಬಿಡುವುದರ ಹೊರತು ಬೇರೆ ಚಿಕಿತ್ಸೆಯಿಲ್ಲ. ಚೂರ್ಣ ಕೊಟ್ಟು ಗೋಧಿಯನ್ನು ಅರಗಿಸುತ್ತೇವೆಂದು ಯಾರಾದರೂ ಹೇಳಿದರೆ, ಅವರು ನಮ್ಮಂತೆಯೇ ಬಿ.ಎ.ಎಂ.ಎಸ್. ಓದಿದವರಾಗಿದ್ದರೂ, ದಯವಿಟ್ಟು ನಂಬಬೇಡಿ.

ಈ ರೋಗ ನಮ್ಮ ಕಡೆ ಅಪರೂಪ ಎಂಬುದು ನಿಜ. 2016ರಲ್ಲಿ ಪ್ರಕಟವಾದ, ದೇಶದ 23 ಸಾವಿರಕ್ಕೂ ಹೆಚ್ಚು ವಯಸ್ಕರ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು ಎಂದು ಕಂಡುಬಂತು. ರೋಗಕ್ಕೆ ಎಡೆಕೊಡುವ ವಂಶವಾಹಿಗಳು ಇಬ್ಬರಲ್ಲಿಯೂ ಹೆಚ್ಚುಕಡಿಮೆ ಒಂದೇ. ಉಣ್ಣುವ ಗೋಧಿಯ ಪ್ರಮಾಣದಲ್ಲಿ ಮಾತ್ರ ಅಜಗಜಾಂತರ. ನಮ್ಮ ಬಾಲ್ಯದಲ್ಲಿ ಮಲೆನಾಡಿನ ಮನೆಗಳಲ್ಲಿ ಅಕ್ಕಿ ರೊಟ್ಟಿ, ಕಡುಬು, ಆಲೂರಿನಿಂದ ಬಯಲಿನತ್ತ ಇಳಿದರೆ ರಾಗಿ ಮುದ್ದೆ. ಗೋಧಿ ಎಂದರೆ ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು, ಹಬ್ಬದ ಹೋಳಿಗೆ, ಅಷ್ಟೆ. ಇಂದು ಬೆಳಿಗ್ಗೆ ಬಿಸ್ಕತ್ತು, ಹತ್ತು ಗಂಟೆಗೆ ಉಪ್ಪಿಟ್ಟು, ಸಂಜೆ ಬನ್ನು, ರಾತ್ರಿ ಚಪಾತಿ. ಅಪರೂಪವೆಂದು ವೈದ್ಯರು ಮರೆತರೆ ಆ ಸಾವಿರದಲ್ಲಿ ಒಬ್ಬರಾದ ಮಗು ಒಂಬತ್ತು ತಿಂಗಳು ಸೊರಗುತ್ತದೆ.

ಇನ್ನು ಹಾಲಿನ ವಿಚಾರ. ಕರುಳಿನ ಒಳಪದರ ಸವೆದಾಗ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವವೂ ಕುಗ್ಗುತ್ತದೆ. ಆದ್ದರಿಂದ ಹೊಸದಾಗಿ ರೋಗ ಪತ್ತೆಯಾದ ಮಗುವಿಗೆ ಗೋಧಿಯೊಡನೆ ಹಾಲನ್ನೂ ಕೆಲವು ತಿಂಗಳು ಬಿಡಿಸಬೇಕಾಗಬಹುದು. ಗೋಧಿ ಬಿಟ್ಟು ಕರುಳು ಮಾಗಿದ ಮೇಲೆ ಹಾಲು ಸಾಮಾನ್ಯವಾಗಿ ಮರಳಿ ಒಗ್ಗುತ್ತದೆ. ನಾವು ಹೇಳಿದ ಹುಡುಗಿಗೂ ಒಗ್ಗಿತು. ಸೀಲಿಯಾಕ್ ಇಲ್ಲದಿದ್ದರೂ ವಯಸ್ಸಾದಂತೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ನಮ್ಮಲ್ಲಿ ಬಹಳ. ಅಂಥವರಿಗೆ ಮೊಸರು, ಮಜ್ಜಿಗೆ, ತುಪ್ಪ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಕ್ಕಳ ಮಾತು ಬೇರೆ. ಅವರಿಗೆ ಹಾಲಿನ ಪುಡಿಯ ಲೇಶವೂ ಸಲ್ಲದು, ತುಪ್ಪವೂ ಅಪಾಯಕಾರಿ. ಯಾವ ತೊಂದರೆಯೂ ಇಲ್ಲದ ಮಗುವಿಗೆ ಮಾತ್ರ ಪೊಟ್ಟಣದ ಬರಹ ನೋಡಿ ಹಾಲು ಬಿಡಿಸಬೇಡಿ.

ಈಗ ಬಿಸ್ಕತ್ತಿಗೆ ಬರೋಣ. ಗೋಧಿಯಿಲ್ಲದೆ ಬ್ರೆಡ್ ಮಾಡುವುದು ಕಷ್ಟ, ಬಿಸ್ಕತ್ತು ಮಾಡುವುದು ಸುಲಭ. ಬ್ರೆಡ್ ಉಬ್ಬಿ ನಿಲ್ಲಲು ಗ್ಲುಟೆನ್ನಿನ ಬಲೆ ಬೇಕೇ ಬೇಕು. ಬಿಸ್ಕತ್ತು ಹಾಗಲ್ಲ, ಬೇಕರಿಯವರು ಬಿಸ್ಕತ್ತಿನ ಹಿಟ್ಟನ್ನು ಹೆಚ್ಚು ನಾದದಿರುವುದೇ ಆ ಬಲೆ ಕಟ್ಟದಿರಲೆಂದು, ಕಟ್ಟಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಪರದೇಶದ ವಿಧಾನಗಳಲ್ಲಿ ಗ್ಲುಟೆನ್ನಿನ ಬದಲು ಅಂಟಿಗಾಗಿ ಮೊಟ್ಟೆ ಹಾಕುತ್ತಾರೆ. ನಮ್ಮ ಮನೆಗಳಿಗೆ ಅದು ಸಲ್ಲದು, ಅದರ ಅಗತ್ಯವೂ ಇಲ್ಲ. ಅಗಸೆ ಬೀಜದ ಲೋಳೆ ಆ ಕೆಲಸವನ್ನು ಮಾಡುತ್ತದೆ.

ಆ ಹುಡುಗಿಯ ಅಜ್ಜಿ ಮತ್ತು ನಮ್ಮ ಮನೆಯವರು ಸೇರಿ ಹಲವು ಬಾರಿ ಕೆಡಿಸಿ, ತಿದ್ದಿ, ಕೊನೆಗೆ ನಿಲ್ಲಿಸಿದ ಅಳತೆ ಇದು. ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಯಿಡಬೇಕು. 150 ಗ್ರಾಂ ರಾಗಿ ಹಿಟ್ಟನ್ನು ಘಮ ಬರುವಷ್ಟು ಹುರಿದು ಆರಿಸಿ, 100 ಗ್ರಾಂ ಅಕ್ಕಿ ಹಿಟ್ಟು, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಬೆರೆಸಬೇಕು. ಬೆಣ್ಣೆಯ ಬದಲು 80 ಗ್ರಾಂ ಕೊಬ್ಬರಿ ಎಣ್ಣೆ. ಇಲ್ಲಿ ನಮ್ಮ ಮಲೆನಾಡಿನ ಚಳಿ ಉಪಕಾರಿ: ಮಾರ್ಗಶಿರದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ತಾನೇ ಬೆಣ್ಣೆಯಂತೆ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಹೆಪ್ಪುಗಟ್ಟಿದ್ದನ್ನೇ ಹಿಟ್ಟಿಗೆ ಉಜ್ಜಿದರೆ ಬಿಸ್ಕತ್ತು ಗರಿಗರಿ. ಕರಗಿದ ಎಣ್ಣೆ ಹಾಕಿದರೆ ಜಿಡ್ಡು ಬಿಟ್ಟು ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎಣ್ಣೆಯ ಬಟ್ಟಲನ್ನು ತುಸು ಹೊತ್ತು ಫ್ರಿಜ್ಜಿನಲ್ಲಿಡಬೇಕು. ಬಳಿಕ 100 ಗ್ರಾಂ ಬೆಲ್ಲದ ಪುಡಿ, ಅಗಸೆಯ ಲೋಳೆ, ಎರಡು ಮೂರು ಚಮಚ ತೆಂಗಿನಕಾಯಿ ಹಾಲು ಸೇರಿಸಿ ಉಂಡೆ ಕಟ್ಟಿ ಅರ್ಧ ಗಂಟೆ ಬಿಡಬೇಕು. ಈ ವಿರಾಮವನ್ನು ತಪ್ಪಿಸಬಾರದು. ರಾಗಿ ನೀರು ಕುಡಿಯಲು ಸಮಯ ಬೇಡುತ್ತದೆ, ಅವಸರ ಮಾಡಿದರೆ ಬಿಸ್ಕತ್ತು ಮರಳಿನಂತೆ ಉದುರುತ್ತದೆ.

ನಿಪ್ಪಟ್ಟಿನಂತೆ ತಟ್ಟಿ, 160ರಿಂದ 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಬೇಯಿಸಿದರೆ ಸಾಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೊಂದು ಕುಕ್ಕೆಯಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬಳಿಕ ತಟ್ಟೆಯನ್ನು ಇಳಿಸಬಹುದು. ಒಲೆಯಿಂದ ತೆಗೆದಾಗ ಬಿಸ್ಕತ್ತು ಮೆತ್ತಗಿರುತ್ತದೆ. ಕೆಟ್ಟಿತೆಂದು ಮುಟ್ಟಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ, ಹಾಲು ಬಿಟ್ಟ ಮಗುವಿಗೆ ಇದರಿಂದ ತುಸು ನೆರವೂ ಆಗುತ್ತದೆ.

ಇಷ್ಟು ಮಾಡಿಯೂ ಆ ಹುಡುಗಿಗೆ ಮೊದಲ ಎರಡು ತಿಂಗಳು ಭೇದಿ ಪೂರ್ತಿ ನಿಲ್ಲಲಿಲ್ಲ. ಮನೆಯಲ್ಲಿ ಗೋಧಿಯ ಸುಳಿವಿಲ್ಲ, ಬಿಸ್ಕತ್ತು ರಾಗಿಯದೇ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಹಿಟ್ಟಿನ ಗಿರಣಿ. ಅದೇ ಕಲ್ಲಿನಲ್ಲಿ ಮುಂಚಿನವರ ಗೋಧಿ, ಹಿಂದೆಯೇ ಇವರ ರಾಗಿ! ಗ್ಲುಟೆನ್ ರಹಿತ ಎಂದು ಬರೆಯಲು ಕಾನೂನಿನ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಗಿರಣಿಯ ಕಲ್ಲಿನಲ್ಲಿ ಉಳಿದ ಒಂದು ಹಿಡಿ ಗೋಧಿ ಹಿಟ್ಟು ಆ ಮಿತಿಯನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಅಂದಿನಿಂದ ಅಜ್ಜಿ ರಾಗಿ, ಅಕ್ಕಿಗಳನ್ನು ಆರಿಸಿ, ತೊಳೆದು, ಒಣಗಿಸಿ, ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ ಬೀಸತೊಡಗಿದರು. ಮಿಕ್ಸಿಯೂ ಆಗುತ್ತದೆ, ಆದರೆ ಅದು ಆ ಮಗುವಿನ ಹಿಟ್ಟಿಗೇ ಮೀಸಲಾಗಿರಬೇಕು. ನಮ್ಮ ನೆಲದ ರಾಗಿ, ನಮ್ಮ ಗದ್ದೆಯ ಅಕ್ಕಿ ಎಂಬ ಅಭಿಮಾನವೊಂದೇ ಇಲ್ಲಿ ಸಾಲದು.

ಗೋಧಿ ಅಡಗಿರುವ ಬೇರೆ ತಾಣಗಳೂ ಇವೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ, ಅಂಗಡಿಯ ಶಾವಿಗೆ ಸಾಮಾನ್ಯವಾಗಿ ಗೋಧಿಯವೇ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಅಕ್ಕಿಯದೆಂದು ನಂಬಿದ ಕೋಡುಬಳೆಗೂ ಗರಿಗರಿಗಾಗಿ ಮೈದಾ ಬೆರೆಸುವುದುಂಟು. ಅಂಗಡಿಯ ಇಂಗಿನ ಡಬ್ಬಿಯನ್ನು ಓದಿ ನೋಡಿ, ಹಲವು ಇಂಗುಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಇರುತ್ತದೆ. ಮಾಲ್ಟ್ ಎಂಬ ಪುಡಿಗಳಲ್ಲಿ ಜವೆಗೋಧಿ ಇರಬಹುದು. ನಮ್ಮವೇ ಆಯುರ್ವೇದ ಮಾತ್ರೆಗಳನ್ನು ಕಟ್ಟಲು ಬಳಸಿದ ಪಿಷ್ಟ ಯಾವುದೆಂದು ಕೂಡ ವಿಚಾರಿಸಿಕೊಳ್ಳಬೇಕು.

ಸಂದೇಹ ಬಂದವರು ಮೊದಲೇ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋಗಬಾರದು. ಗೋಧಿ ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ತೋರಬಹುದು. ಒಬ್ಬರಲ್ಲಿ ರೋಗ ಕಂಡರೆ ಒಡಹುಟ್ಟಿದವರನ್ನೂ ತಂದೆತಾಯಿಯರನ್ನೂ ಪರೀಕ್ಷಿಸಬೇಕು. ಮಿಕ್ಕವರು ಈ ಪೊಟ್ಟಣಗಳಿಗೆ ಹಣ ಸುರಿಯುವ ಅಗತ್ಯ ನಮಗೆ ಕಾಣುವುದಿಲ್ಲ. ಗ್ಲುಟೆನ್ ತೆಗೆದ ಮಾತ್ರಕ್ಕೆ ಸಕ್ಕರೆ, ಎಣ್ಣೆ ಕಡಿಮೆಯಾಗುವುದಿಲ್ಲ. ಮಧುಮೇಹಿಗೆ ಮೇಲೆ ಹೇಳಿದ ಬೆಲ್ಲದ ಬಿಸ್ಕತ್ತೂ ಸಿಹಿತಿಂಡಿಯೇ.

ಒಂದು ಮಾತನ್ನು ಅಂಜುತ್ತಲೇ ಹೇಳುತ್ತೇವೆ. ಆ ಹುಡುಗಿ ಚೇತರಿಸಿಕೊಂಡ ಮೊದಲ ವರ್ಷ ಜಾತ್ರೆಯ ಪಂಕ್ತಿಯಲ್ಲಿ ಕುಳಿತಿದ್ದಳು. ಎಲೆಗೆ ಹೋಳಿಗೆ ಬಂತು. ಬೇಡವೆಂದು ಕೈ ಅಡ್ಡ ಹಿಡಿದಳು. ಪಕ್ಕದ ಹಿರಿಯರು, “ಪ್ರಸಾದವಮ್ಮ, ಒಂದು ಚೂರಿನಿಂದ ಏನೂ ಆಗದು” ಎಂದು ಅಕ್ಕರೆಯಿಂದ ಒತ್ತಾಯಿಸಿದರು. ಎಳೆಯ ಮಗು ಪ್ರಸಾದಕ್ಕೆ ಎದುರಾಡಲಾರದೆ ತಿಂದಿತು. ಅಂದು ರಾತ್ರಿಯಿಂದಲೇ ಭೇದಿ, ಸಂಕಟ. ಪ್ರಸಾದದ ಮಹಿಮೆಯನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಹಿರಿಯರು ಕಂಡದ್ದು ಹೋಳಿಗೆಯ ಒಂದು ಚೂರು. ಆ ಕರುಳು ಕಂಡದ್ದು ಗೋಧಿ.

ಆದ್ದರಿಂದ ದಾಸೋಹದ ಸೇವೆಯಲ್ಲಿರುವ ಶರಣ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಇಂಥ ಮಕ್ಕಳ ಮನೆಯವರು ಹಿಂದಿನ ದಿನವೇ ತಿಳಿಸಿದರೆ, ಇಂಗು ಹಾಕದ ಸಾರನ್ನು ಬೇರೆ ಪಾತ್ರೆಯಲ್ಲಿ ತೆಗೆದಿರಿಸಿ. ಅನ್ನವನ್ನು ಬೇರೆ ಸೌಟಿನಿಂದ, ಪಂಕ್ತಿಗೆ ಬಡಿಸುವ ಮುನ್ನವೇ ಆ ಎಲೆಗೆ ಹಾಕಿ. ಹೋಳಿಗೆಯ ಬದಲು ಬಾಳೆಹಣ್ಣು, ಕಲ್ಲುಸಕ್ಕರೆಯನ್ನು ಪ್ರಸಾದವಾಗಿ ಕೊಡಿ. ಮಗು ಬೇಡವೆಂದರೆ ಎರಡನೆಯ ಬಾರಿ ಕೇಳಬೇಡಿ.