ಆಸಿಡ್ ಸುರಿಯುವ ಮುನ್ನ

ಪ್ರೊಟೊಜೋವ ಎಂದೊಡನೆ ನಮಗೆ ನೆನಪಾಗುವುದು ಮಲೇರಿಯಾ, ಇಲ್ಲವೇ ಆಮಶಂಕೆ. ಈ ಏಕಕೋಶ ಜೀವಿಗಳಿಗೆ ಅಂಟಿರುವ ಕೆಟ್ಟ ಹೆಸರು ಸುಳ್ಳೇನಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಈ ಕುಲದ ಜೀವಿಯನ್ನೇ. ಉಣ್ಣಿಗಳ ಮೂಲಕ ಮಿಶ್ರತಳಿ ಹಸುಗಳಿಗೆ ತಗುಲಿ ಹೈನುಗಾರರ ಕೈ ಸುಡುವ ಥೈಲೇರಿಯಾ ಕೂಡ ಈ ಕುಲದ್ದೇ. ಆದರೆ ಅದೇ ಹಸುವಿನ ಮೊದಲ ಜಠರದ ಒಂದೊಂದು ಮಿಲಿಲೀಟರ್ ರಸದಲ್ಲಿ ಲಕ್ಷಗಟ್ಟಲೆ ಪ್ರೊಟೊಜೋವಗಳಿದ್ದು, ಮೇವು ಜೀರ್ಣವಾಗಲು ನೆರವಾಗುತ್ತವೆ. (ಅವಿಲ್ಲದೆಯೂ ಹಸು ಬದುಕಬಲ್ಲದು, ಆ ಮಾತು ಬೇರೆ.)

ನಮ್ಮ ಆರೋಗ್ಯಕ್ಕೆ ಇವುಗಳ ದೊಡ್ಡ ಉಪಕಾರ ನಡೆಯುವುದು ನಾವು ಮೂಗು ಮುಚ್ಚಿಕೊಳ್ಳುವ ಜಾಗದಲ್ಲಿ. ಕೊಳಚೆ ನೀರಿಗೆ ಗಾಳಿ ಊದಿ ಶುದ್ಧಗೊಳಿಸುವ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಇಂದು ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ಸರಿ. ಆದರೆ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ ತಳಕ್ಕಿಳಿಯುವುದಿಲ್ಲ, ನೀರು ಕಲಕಾಗಿಯೇ ಉಳಿಯುತ್ತದೆ. ಅವನ್ನು ತಿನ್ನುವುದು ಪ್ರೊಟೊಜೋವಗಳು. ವೋರ್ಟಿಸೆಲ್ಲಾ ಎಂಬುದೊಂದಿದೆ, ತೊಟ್ಟಿನ ಮೇಲೆ ಕೂತ ಪುಟ್ಟ ಗಂಟೆಯಂತಿದ್ದು, ಬಾಯಿಯ ಸುತ್ತಲಿನ ಕೂದಲೆಳೆಗಳಿಂದ ಸುಳಿಯೆಬ್ಬಿಸಿ ಬ್ಯಾಕ್ಟೀರಿಯಾಗಳನ್ನು ಒಳಗೆಳೆದುಕೊಳ್ಳುತ್ತದೆ. 1960ರ ದಶಕದಲ್ಲಿ ಬ್ರಿಟನ್ನಿನ ಕರ್ಡ್ಸ್ ಮತ್ತು ಸಂಗಡಿಗರು ಇಂಥ ಜೀವಿಗಳಿಲ್ಲದ ತೊಟ್ಟಿಯಿಂದ ಕಲಕು ನೀರು ಬರುವುದನ್ನೂ ಇವನ್ನು ಬಿಟ್ಟಾಗ ನೀರು ತಿಳಿಯಾಗುವುದನ್ನೂ ತೋರಿಸಿಕೊಟ್ಟರು. ತೊಟ್ಟಿಯ ಆರೋಗ್ಯವನ್ನು ಅರಿಯಲು ನುರಿತ ತಂತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಮೊದಲು ಹುಡುಕುವುದು ಈ ಗಂಟೆಗಳನ್ನೇ.

ಇಂಥ ಬಿಟ್ಟಿ ದುಡಿಮೆಗಾರರಿಗೆ ನಾವು ಕೊಡುವುದೇನು? ಬಾಟಲಿಗಟ್ಟಲೆ ಆಸಿಡ್ ಮತ್ತು ಫಿನಾಯಿಲ್. ಕೊಳವೆಬಾವಿಯ ಗಡಸು ನೀರು ಬಚ್ಚಲಲ್ಲಿ ಬಿಳಿ ಕಲೆ ಉಳಿಸುವುದು ನಿಜ. ಅದಕ್ಕೆ ನಿಂಬೆ ಉಪ್ಪು ಮತ್ತು ಬ್ರಶ್ಶು ಸಾಕು. ಆಸಿಡ್ ಜತೆಗೆ ಬ್ಲೀಚಿಂಗ್ ಪೌಡರ್ ಬೆರೆತರಂತೂ ಕ್ಲೋರಿನ್ ಅನಿಲ ಹೊಮ್ಮಿ ತೊಳೆಯುವವರ ಶ್ವಾಸಕೋಶಕ್ಕೇ ಅಪಾಯ. ಹಾಗೆಂದು ಗೃಹಿಣಿಯರನ್ನಷ್ಟೇ ದೂರುವುದು ನ್ಯಾಯವಲ್ಲ. ವಿದ್ಯುತ್ ಬಿಲ್ಲು ಉಳಿಸಲೆಂದು ರಾತ್ರಿಯೆಲ್ಲ ಗಾಳಿಯಂತ್ರ ನಿಲ್ಲಿಸುವ ನಿವಾಸಿ ಸಂಘಗಳದ್ದು ಇನ್ನೂ ದೊಡ್ಡ ತಪ್ಪು. ಆಮ್ಲಜನಕವಿಲ್ಲದೆ ಈ ಜೀವಿಗಳು ಸಾಯುತ್ತವೆ. ಮರುದಿನ ಗಬ್ಬು ನೀರು ಹೊರಬರುತ್ತದೆ. ತೋಟಕ್ಕೂ ಶೌಚಾಲಯಕ್ಕೂ ಬಳಸಬಹುದಾಗಿದ್ದ ನೀರಿನ ಬದಲು ಟ್ಯಾಂಕರ್ ತರಿಸಬೇಕು. ಉಳಿದ ಬಿಲ್ಲಿನ ಹಣ ಅಲ್ಲಿಗೇ ಹೋಯಿತು. ಆ ಗಬ್ಬು ನೀರೋ ಕೆರೆಯ ಪಾಲು. 2015ರಲ್ಲಿ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ ಬೆಂಕಿ ಹೊತ್ತಿಕೊಂಡದ್ದನ್ನು ನೋಡಿದ ಮೇಲೂ ನಮಗೆ ಬುದ್ಧಿ ಬಾರದಿದ್ದರೆ ಹೇಗೆ?

ಒಂದು ಎಚ್ಚರಿಕೆ. ಹೀಗೆ ತಿಳಿಯಾದ ನೀರು ಗಿಡಗಳಿಗೇ ಹೊರತು ಬಾಯಿಗಲ್ಲ. ರೋಗ ತರುವ ಪ್ರೊಟೊಜೋವಗಳು ಗಟ್ಟಿ ಕವಚದೊಳಗೆ ಅಡಗಿರಬಲ್ಲವು. ನಲ್ಲಿ ನೀರಿಗೆ ಬೆರೆಸುವಷ್ಟು ಕ್ಲೋರಿನ್ ಅವಕ್ಕೆ ಸಾಲದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸೋಸಿ, ಕ್ಲೋರಿನ್ ಬೆರೆಸಿದ್ದ ನೀರು ಕುಡಿದೇ ಸುಮಾರು 4 ಲಕ್ಷ ಜನ ಕ್ರಿಪ್ಟೊಸ್ಪೊರಿಡಿಯಂನಿಂದ ಭೇದಿ ಹತ್ತಿ ನರಳಿದರು. ಆದರೆ ಕುದಿಗೆ ಅವು ತಡೆಯಲಾರವು. ಕುಡಿಯುವ ನೀರು ಕೊತಕೊತನೆ ಕುದಿಯತೊಡಗಿದ ಮೇಲೂ ಒಂದು ನಿಮಿಷ ಒಲೆಯ ಮೇಲಿರಲಿ. ಆರಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಡಿ.