ಕುದುರೆಯ ಕರುಳಿನ ಹೊಸ ಸೂಕ್ಷ್ಮಾಣುಗಳು: ಕುರಿಗಾರರ ತಟ್ಟುವಿಗೆ ಇದರಿಂದೇನು?

ಕುದುರೆಯ ಕರುಳಿನಲ್ಲಿ ವಾಸಿಸುವ, ಅದುವರೆಗೆ ಹೆಸರೇ ಇರದಿದ್ದ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳನ್ನು ಇಂಗ್ಲೆಂಡಿನ ಕ್ವಾಡ್ರಾಮ್ ಸಂಸ್ಥೆ ಹಾಗೂ ಸರ್ರೆ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ಗುರುತಿಸಿ ಹೆಸರಿಸಿದರು. ಥರೋಬ್ರೆಡ್ ತಳಿಯ ಕುದುರೆಗಳ ಕೇವಲ 5 ಲದ್ದಿ ಮಾದರಿಗಳಿಂದ ಅವರಿಗೆ 123 ಸೂಕ್ಷ್ಮಾಣುಗಳ ವಂಶವಾಹಿ ವಿವರ ದೊರೆಯಿತು. ರೇಸಿನ ಕುದುರೆಯ ವಿಚಾರ ಕೊಪ್ಪಳ ಜಿಲ್ಲೆಯ ರೈತರಿಗೇಕೆ ಎಂದು ತಾವು ಕೇಳಬಹುದು. ಕುರಿಮಂದೆಯೊಡನೆ ಸಂಚರಿಸುತ್ತ ಕುರಿಗಾರರ ಸಾಮಾನು, ಸರಂಜಾಮು, ನಡೆಯಲಾರದ ಮರಿಗಳನ್ನು ಹೊರುವ ತಟ್ಟು ಕುದುರೆಯ ಕರುಳೂ ಅದೇ ಬಗೆಯದು. ಅದು ಸತ್ತರೆ ಇಡೀ ಮಂದೆಯ ಪ್ರಯಾಣಕ್ಕೆ ತಡೆ ಬೀಳುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ಈ ಸೂಕ್ಷ್ಮಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹೆಸರಿಟ್ಟಿದ್ದಲ್ಲ; ಲದ್ದಿಯಲ್ಲಿನ ವಂಶವಾಹಿಗಳನ್ನು ಓದಿ ಗುರುತಿಸಿದ್ದು. ಬೆಳೆಸಲಾಗದ ಸೂಕ್ಷ್ಮಾಣುವನ್ನು ಪೊಟ್ಟಣದಲ್ಲಿ ತುಂಬಲೂ ಆಗದು. ಆದ್ದರಿಂದ ‘ಹೊಸ ಸಂಶೋಧನೆಯ ಬ್ಯಾಕ್ಟೀರಿಯಾ ಪುಡಿ’ ಎಂದು ಯಾರಾದರೂ ಮಾರಲು ಬಂದರೆ, ಅದರಲ್ಲಿರುವ ಸೂಕ್ಷ್ಮಾಣು ಯಾವುದೆಂದು ವಿಸ್ತರಣಾ ಕಾರ್ಯಕರ್ತರು ಹೆಸರು ಹಿಡಿದು ಕೇಳಬೇಕು.

ನಾರನ್ನು ಅರಗಿಸುವ ಶಕ್ತಿ ಎತ್ತಿಗೂ ಇಲ್ಲ, ಕುದುರೆಗೂ ಇಲ್ಲ. ಎರಡರಲ್ಲೂ ಅದು ಸೂಕ್ಷ್ಮಾಣುಗಳ ಕೆಲಸ. ಎತ್ತಿನಲ್ಲಿ ಅವು ಮೊದಲ ಹೊಟ್ಟೆಯಲ್ಲಿ ಬೆಳೆದು, ಮುಂದೆ ಸಾಗಿ, ಸಣ್ಣಕರುಳಿನಲ್ಲಿ ತಾವೇ ಜೀರ್ಣವಾಗಿ ಸಸಾರಜನಕವನ್ನು ಒದಗಿಸುತ್ತವೆ. ಕುದುರೆಯಲ್ಲಿ ಅವುಗಳ ನೆಲೆ ಸಣ್ಣಕರುಳನ್ನು ದಾಟಿದ ಮೇಲೆ ಸಿಗುವ ಕುರುಡುಕರುಳು ಮತ್ತು ದೊಡ್ಡಕರುಳು. ಹೀಗಾಗಿ ಆ ಸಸಾರಜನಕದ ಬಹುಪಾಲು ಲದ್ದಿಯೊಡನೆ ಹೊರಹೋಗುತ್ತದೆ. ಹುರುಳಿ ಬೇಯಿಸಿ ಕುದುರೆಗೆ ಕೊಡುತ್ತಿದ್ದ ಹಿರಿಯರ ಪದ್ಧತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಅಪಾಯವಿರುವುದು ದಿಢೀರನೆ ಮೇವು ಬದಲಾದಾಗ. ಕುಷ್ಟಗಿ, ಯಲಬುರ್ಗಾ ಭಾಗದ ಒಣಹುಲ್ಲಿಗೆ ಹೊಂದಿಕೊಂಡ ಕುದುರೆಯನ್ನು ಕಟಾವಾದ ಗೋವಿನಜೋಳದ ಹೊಲಕ್ಕೆ ಬಿಟ್ಟಾಗ ಅದು ಉದುರಿದ ತೆನೆಗಳನ್ನು ಹೊಟ್ಟೆತುಂಬ ತಿನ್ನುತ್ತದೆ. ಗೋವಿನಜೋಳದ ಹಸಿ ಕಾಳಿನ ಪಿಷ್ಟ ಸಣ್ಣಕರುಳಿನಲ್ಲಿ ಪೂರ್ತಿ ಅರಗದೆ ದೊಡ್ಡಕರುಳಿಗೆ ಇಳಿದು ಹುಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ನಾರು ಅರಗಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತೀವ್ರ ಹೊಟ್ಟೆಶೂಲೆ, ಅದರ ಬೆನ್ನಿಗೇ ಗೊರಸಿನ ಉರಿಯೂತ. ಕುದುರೆಗೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಇಂತಹ ಹೊಲದಲ್ಲಿ ಕುರಿಗಳಿಗೂ ಆಮ್ಲಬಾಧೆ ತಪ್ಪಿದ್ದಲ್ಲವಾದ್ದರಿಂದ ಮಂದೆ ಬಿಡುವ ಮುನ್ನ ತೆನೆ ಆಯಿಸುವುದು ಎರಡಕ್ಕೂ ಒಳಿತು.

ಹೊಸ ಮೇವನ್ನು 10ರಿಂದ 14 ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸಿರಿ. ಸುಮಾರು 200 ಕೆ.ಜಿ. ತೂಗುವ ತಟ್ಟುವಿಗೆ ದಿನಕ್ಕೆ ಕನಿಷ್ಠ 3 ಕೆ.ಜಿ. ಒಣಮೇವು ಅಥವಾ ಅದಕ್ಕೆ ಸಮನಾದ ಮೇಯುವಿಕೆ ಬೇಕು. ಗೋವಿನಜೋಳ ಕೊಡುವುದಾದರೆ ಒಂದು ಹೊತ್ತಿಗೆ 300 ಗ್ರಾಂ ಮೀರದಿರಲಿ. ಬೂಷ್ಟು ಹಿಡಿದ ಗೋವಿನಜೋಳ ಕುದುರೆಯ ಮಿದುಳಿಗೇ ವಿಷ. ಅದನ್ನು ಅಳತೆಯಲ್ಲಿಯೂ ಕೊಡಬಾರದು.

ಗಂಗಾವತಿ ಭಾಗದ ರೈತರಿಗೆ ಇನ್ನೊಂದು ಮಾತು. 100 ಕೆ.ಜಿ. ನೆಲ್ಲುಹುಲ್ಲಿಗೆ 4 ಕೆ.ಜಿ. ಯೂರಿಯಾ ಬೆರೆಸಿ 21 ದಿನ ಮುಚ್ಚಿಡುವ ಉಪಚಾರವನ್ನು ನಾವು ಶಿಫಾರಸು ಮಾಡುವುದು ಬೆಳೆದ ದನ, ಎಮ್ಮೆಗಳಿಗೆ ಮಾತ್ರ. ಗದ್ದೆಯಲ್ಲಿ ಕುರಿ ತರುಬಿದ ಉಪಕಾರಕ್ಕೆಂದು ಆ ಹುಲ್ಲನ್ನು ಕುರಿಗಾರರ ಕುದುರೆ, ಕತ್ತೆಗಳಿಗೆ ಹಾಕದಿರಿ. ಮೊನೆನ್ಸಿನ್ ಎಂಬ ಔಷಧ ಬೆರೆತ ಕೋಳಿ ಆಹಾರವೂ ಕುದುರೆಗೆ ಮಾರಕ.

ಕುದುರೆ ಪದೇಪದೇ ಪಕ್ಕೆಯತ್ತ ತಿರುಗಿ ನೋಡುತ್ತ, ಮುಂಗಾಲಿನಿಂದ ನೆಲ ಕೆರೆಯುತ್ತ, ಲದ್ದಿ ಹಾಕದೆ ಹೊರಳಾಡಿದರೆ ಬಾಯಿಗೆ ಎಣ್ಣೆ ಸುರಿಯಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೇವು, ಕಾಳು ನಿಲ್ಲಿಸಿ, ಪಶುವೈದ್ಯರನ್ನು ಅಥವಾ 1962 ಸಂಖ್ಯೆಯ ಸಂಚಾರಿ ಪಶು ಚಿಕಿತ್ಸಾ ಘಟಕವನ್ನು ಕೂಡಲೇ ಕರೆಯಿರಿ. ಕುದುರೆ ಏನು ತಿಂದಿತು, ಯಾವಾಗ ತಿಂದಿತು ಎಂಬುದನ್ನು ಮೊದಲು ತಿಳಿಸಿರಿ.