ಓಡಿಸುವ ಮುನ್ನ ಒಂದು ನಿಮಿಷ...

ಬಸುರಿ ನಾಯಿಯೊಂದು ನಿಮ್ಮ ಕಾಂಪೌಂಡಿಗೆ ನುಗ್ಗಿ ಹೂವಿನ ಪಾತಿಯನ್ನೆಲ್ಲ ಕೆರೆದು ಹಾಕುತ್ತಿದೆಯೇ? ಥಟ್ಟನೆ ನಮ್ಮ ಕೈಗೆ ಬರುವುದು ಕೋಲು. ಆದರೆ ಅದು ಕಿತಾಪತಿ ಅಲ್ಲ ಸ್ವಾಮಿ, ಹೆರಿಗೆಗೆ ಜಾಗದ ಹುಡುಕಾಟ!

ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಕೊನೆಯ ಒಂದೆರಡು ದಿನ ಅದು ಮೂಲೆ ಹುಡುಕುತ್ತದೆ, ನೆಲ ಕೆರೆಯುತ್ತದೆ, ಅನ್ನ ಹಾಕಿದರೆ ಮೂಸಿ ಬಿಡುತ್ತದೆ. ಮೊಲೆಗಳು ತುಂಬಿಕೊಂಡಿರುತ್ತವೆ. ಏದುಸಿರು, ನಡುಕ ಶುರುವಾದರೆ ಹೊತ್ತು ಹತ್ತಿರ ಬಂತೆಂದೇ ಲೆಕ್ಕ. ಸಾಕಿದ ನಾಯಿಯಾದರೆ ಥರ್ಮಾಮೀಟರೂ ಹೇಳುತ್ತದೆ: ಮಾಮೂಲಿಗೆ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿರುವ ಮೈಬಿಸಿ 99ಕ್ಕಿಂತ ಕೆಳಗಿಳಿದರೆ, ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು ಶುರು. ಬೀದಿ ನಾಯಿಗೆ ಥರ್ಮಾಮೀಟರ್ ಇಡುವವರು ಯಾರು? ನಮ್ಮ ಕಣ್ಣೇ ಸಾಕು.

ಈ ಹೊತ್ತಿನಲ್ಲಿ ಓಡಿಸಿದರೆ ಅದು ಮರಿ ಹಾಕುವುದು ಚರಂಡಿಯಲ್ಲೋ, ನಿಂತ ಲಾರಿಯಡಿಯಲ್ಲೋ. ಒಂದು ಹಳೇ ಗೋಣಿಚೀಲ, ಒಂದು ಬಟ್ಟಲು ನೀರು ಇಟ್ಟು ದೂರ ಸರಿಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಹೆತ್ತ ನಾಯಿ ಹೆದರಿದರೆ ಕಚ್ಚೀತು. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಇಲ್ಲವೇ ಮೊದಲ ಮರಿಗೂ ಮುಂಚೆ ಹಸಿರು ಸ್ರಾವ ಕಂಡರೆ, ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ.

ಬೀದಿ ನಾಯಿಗಳು ಹೆಚ್ಚಾದವು ಅಂತ ಗೊಣಗುವವರಲ್ಲಿ ನಾನೂ ಒಬ್ಬ. ಅದಕ್ಕೆ ಸಂತಾನಹರಣ ಚಿಕಿತ್ಸೆ ಇದೆ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಮಾಡಿಸೋಣ. ನೋವು ತಿನ್ನುತ್ತಿರುವ ಬಸುರಿಗೆ ಕಲ್ಲು ಹೊಡೆದು ಏನು ಬಗೆಹರಿದೀತು?

ನೀವೇನಂತೀರಿ?